ಅಂಚೆಯಲ್ಲಿ ಬೆಳೆದ ಮಕ್ಕಳು

ಈ ಅಂಕಣದಲ್ಲಿ ಇದುವರೆಗೆ ನಾವು ಸಾಬೂನು, ಸಿಮೆಂಟು, ಖರ್ಜೂರದ ಸಕ್ಕರೆ ಎಂದೆಲ್ಲ ಬರೆದು ಓದುಗರ ತಾಳ್ಮೆಯನ್ನು ಸಾಕಷ್ಟು ಪರೀಕ್ಷಿಸಿದ್ದಾಯಿತು. ಈ ಸಲ ರಸಾಯನಶಾಸ್ತ್ರಕ್ಕೆ ಅರ್ಧ ದಿನದ ರಜೆ ಕೊಟ್ಟಿದ್ದೇವೆ. ಪೂರ್ತಿ ದಿನ ಏಕಲ್ಲವೆಂದರೆ, ಮಧ್ಯದಲ್ಲಿ ಶಾಯಿಯ ವಿಷಯ ಬರುತ್ತದೆ. ಅಲ್ಲಿ ನಾವು ಸುಮ್ಮನಿರಲಾರೆವೆಂಬುದನ್ನು ಸಂಪಾದಕರು ಬಲ್ಲರು.

ವಿಷಯ ಒಂದು ಕುಟುಂಬದ್ದು. ಹೊಟ್ಟೆಪಾಡಿಗೋ ನಂಬಿಕೆಗೋ ಊರು ಬಿಟ್ಟು ಬಂದವರು, ಇನ್ನೊಬ್ಬರ ನಾಡಿನಲ್ಲಿ ಅವರ ಭಾಷೆ ಕಲಿತು ಕೆಲಸ ಮಾಡಿದವರು, ಮಕ್ಕಳನ್ನು ಓದಿಗಾಗಿ ಊರಿಗೆ ಕಳಿಸಿದವರು, ಕಳಿಸಿದ ಮೇಲೆ ಕಾಗದ ಬರೆಯುತ್ತ ಕುಳಿತವರು. ಇಷ್ಟು ಹೇಳಿದರೆ ದಮ್ಮಾಮಿನಲ್ಲೋ ಜುಬೈಲಿನಲ್ಲೋ ಇರುವ ನಮ್ಮ ಸದಸ್ಯರ ಮನೆಯದೇ ಕತೆ ಎಂದು ನೀವು ತಿಳಿದೀರಿ. ಅಲ್ಲ. ಇವರು ನಾವು ಹೋದ ದಿಕ್ಕಿಗೆ ಎದುರು ದಿಕ್ಕಿನಿಂದ ಬಂದವರು. ಜರ್ಮನಿಯಿಂದ ಹೊರಟು ಮಂಗಳೂರಿಗೆ ಬಂದು, ಅಲ್ಲಿಂದ ದಕ್ಷಿಣಕ್ಕೆ ಒಂದು ದಿನದ ದೋಣಿ ಪ್ರಯಾಣದ ತಲಚೇರಿಯಲ್ಲಿ ಮನೆ ಹೂಡಿದವರು. ಹೆಸರು ಗುಂಡರ್ಟ್.

ಕನ್ನಡಿಗರಾದ ನಮಗೆ ಕಿಟ್ಟೆಲರ ಹೆಸರು ಗೊತ್ತು, 1894ರ ಅವರ ನಿಘಂಟು ಗೊತ್ತು. ಮೋಗ್ಲಿಂಗರ ಹೆಸರೂ ಗೊತ್ತು. 1843ರ ಜುಲೈ 1ರಂದು ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ತೆಗೆದವರು ಅವರೇ. ನಾಲ್ಕು ಪುಟ, ಬೆಲೆ ಒಂದು ದುಡ್ಡು. (ಕಲ್ಲಚ್ಚೆಂದರೆ ನಮ್ಮ ಈ ಸೈಕ್ಲೋಸ್ಟೈಲಿನ ಅಜ್ಜನೆಂದು ತಿಳಿಯಿರಿ. ಅಲ್ಲಿ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿ, ಇಲ್ಲಿ ಮೇಣದ ಹಾಳೆ. ಕೈ ಕಪ್ಪಾಗುವುದು ಎರಡರಲ್ಲೂ ಸಮಾನ.) ಈ ಮೋಗ್ಲಿಂಗರ ಟ್ಯೂಬಿಂಗನ್ ಕಾಲದ ಪ್ರಾಣಮಿತ್ರರೇ ಹರ್ಮನ್ ಗುಂಡರ್ಟ್. ನಮಗೆ ಕಿಟ್ಟೆಲರು ಹೇಗೋ ಮಲೆಯಾಳಿಗಳಿಗೆ ಇವರು ಹಾಗೆ. 1872ರಲ್ಲಿ ಮಲೆಯಾಳ–ಇಂಗ್ಲಿಷ್ ನಿಘಂಟು ತಂದರು. ಅದಕ್ಕೆ ಮುಂಚೆ ವ್ಯಾಕರಣ ಬರೆದರು. 1847ರಲ್ಲಿ ಮಲೆಯಾಳದ ಮೊದಲ ಪತ್ರಿಕೆಯನ್ನೂ ಹೊರಡಿಸಿದರು. ಇವರ ಧರ್ಮಪ್ರಚಾರದ ಬಗೆಗೆ ಬೇರೆ ಬೇರೆ ಅಭಿಪ್ರಾಯಗಳುಂಟು. ಅದು ಈ ಅಂಕಣದ ವಿಷಯವಲ್ಲ. ನಮ್ಮ ಆಸಕ್ತಿ ಅವರ ಮನೆಯ ಪೆಟ್ಟಿಗೆಯಲ್ಲಿ, ಅಂದರೆ ಆ ಮನೆಯ ನಾಲ್ಕು ತಲೆಮಾರು ಬರೆದು, ಎಸೆಯದೆ ಇಟ್ಟುಕೊಂಡ ಕಾಗದಗಳಲ್ಲಿ ಮತ್ತು ದಿನಚರಿಗಳಲ್ಲಿ.

ಗುಂಡರ್ಟ್ ಹುಟ್ಟಿದ್ದು 1814ರ ಫೆಬ್ರವರಿ 4ರಂದು, ಸ್ಟುಟ್‌ಗಾರ್ಟಿನಲ್ಲಿ. ಡಾಕ್ಟರೇಟ್ ಮುಗಿಸಿದ್ದು 1835ರಲ್ಲಿ, ಅಂದರೆ ಇಪ್ಪತ್ತೊಂದರ ಹರೆಯದಲ್ಲಿ. (ನಮಗೆ ಎಷ್ಟು ವರ್ಷ ಹಿಡಿಯಿತೆಂದು ದಯವಿಟ್ಟು ಕೇಳಬಾರದು.) ಮರುವರ್ಷವೇ ಆಫ್ರಿಕದ ತುದಿ ಸುತ್ತುವ ಹಡಗು ಹತ್ತಿ ಜುಲೈಯಲ್ಲಿ ಮದರಾಸಿಗೆ ಬಂದರು. ಮೂರು ತಿಂಗಳ ಆ ಪ್ರಯಾಣದಲ್ಲಿ ಸುಮ್ಮನೆ ಕೂರದೆ ಬಂಗಾಳಿ, ಹಿಂದೂಸ್ತಾನಿ, ತೆಲುಗು ಕಲಿಯಲು ಹಿಡಿದರಂತೆ. ಅದೇ ತಂಡದಲ್ಲಿ ಜೂಲಿ ದುಬ್ವಾ ಎಂಬ ಹೆಣ್ಣುಮಗಳಿದ್ದಳು. ಸ್ವಿಟ್ಜರ್‌ಲೆಂಡಿನ ಫ್ರೆಂಚ್ ಮಾತಿನ ಕಡೆಯವಳು, ಇವರಿಗಿಂತ ನಾಲ್ಕೈದು ವರ್ಷ ದೊಡ್ಡವಳು. 1838ರ ಜುಲೈಯಲ್ಲಿ ಚಿತ್ತೂರಿನಲ್ಲಿ ಮದುವೆಯಾಯಿತು, ವರ್ಷ ಮುಗಿಯುವುದರೊಳಗೆ ದಂಪತಿಗಳು ಮಂಗಳೂರು ಮುಟ್ಟಿ ಬಾಸೆಲ್ ಮಿಷನ್ ಸೇರಿದರು, 1839ರಲ್ಲಿ ತಲಚೇರಿ. ಗಂಡನ ಮಾತು ಜರ್ಮನ್, ಹೆಂಡತಿಯದು ಫ್ರೆಂಚ್, ಅಂಗಳದಲ್ಲಿ ಮಲೆಯಾಳ, ಮಂಗಳೂರಿಗೆ ಹೋದರೆ ಕನ್ನಡ ತುಳು, ಕಲೆಕ್ಟರರ ಹತ್ತಿರ ಇಂಗ್ಲಿಷ್. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಹಿಂದಿ, ಬಖಾಲದಲ್ಲಿ ಅರಬ್ಬಿ ಮಾತಾಡುವುದನ್ನು ಕಂಡು ಬೆರಗಾಗುವ ಅಜ್ಜಿಯಂದಿರು ಈ ಮನೆಯನ್ನು ನೋಡಬೇಕಿತ್ತು.

ಮದುವೆಯ ಮಾತು ಬಂದಾಗ ಒಂದು ಉಪಕತೆ. ಬಾಸೆಲ್ ಮಿಷನ್ನಿನ ಪದ್ಧತಿಯ ಪ್ರಕಾರ ಕೆಲಸಕ್ಕೆ ಬರುವವನು ಒಂಟಿಯಾಗಿ ಬರಬೇಕು. ಎರಡು ವರ್ಷ ಕಳೆದ ಮೇಲೆ ಮದುವೆಗೆ ಅನುಮತಿ ಕೇಳಬಹುದು. ಬಾಸೆಲಿನ ಕಮಿಟಿ ಒಪ್ಪಿದರೆ ಹೆಣ್ಣು ಹುಡುಕುವ ಕೆಲಸವೂ ನಡೆಯುತ್ತಿತ್ತು. ಆಕೆ ಹಡಗು ಹತ್ತಿ, ಮುಖವನ್ನೇ ನೋಡಿರದ ಗಂಡನ ಕೈಹಿಡಿಯಲು ಮಂಗಳೂರಿಗೋ ಕಣ್ಣೂರಿಗೋ ಬಂದಿಳಿಯುತ್ತಿದ್ದಳು. ಎರಡು ವರ್ಷಕ್ಕೊಮ್ಮೆ ರಜೆ, ರಜೆಯ ಮೂವತ್ತು ದಿನದಲ್ಲಿ ಹೆಣ್ಣು ನೋಡಿ ನಿಶ್ಚಯ, ಮದುವೆ, ಹದಿನಾರನೆಯ ದಿನ ವಿಮಾನ ಎಂಬ ಕಟ್ಟಳೆಯಲ್ಲಿ ಸಂಸಾರ ಆರಂಭಿಸಿದ ನಮ್ಮ ಹಿರಿಯ ಸದಸ್ಯರು ಇದನ್ನು ಓದಿ ತಮ್ಮ ಸ್ಥಿತಿ ಅಷ್ಟೇನೂ ಕೆಟ್ಟದಲ್ಲವೆಂದು ಸಮಾಧಾನಪಟ್ಟುಕೊಳ್ಳಬಹುದು.

ಈಗ ಮುಖ್ಯ ವಿಷಯ. ಗುಂಡರ್ಟ್ ದಂಪತಿಗಳ ಮಗಳು ಮರಿ ಹುಟ್ಟಿದ್ದು 1842ರ ಅಕ್ಟೋಬರ್ 18ರಂದು ತಲಚೇರಿಯಲ್ಲಿ. ನಾಲ್ಕು ತುಂಬುವ ಮೊದಲೇ ಅವಳನ್ನೂ ಅಣ್ಣಂದಿರನ್ನೂ ಯೂರೋಪಿಗೆ ಕರೆದೊಯ್ದು ಅಲ್ಲಿ ಬಿಟ್ಟು, ತಂದೆ ತಾಯಿ ಮಲಬಾರಿಗೆ ಹಿಂದಿರುಗಿದರು. ಇದು ಆ ಮನೆಯ ಕ್ರೌರ್ಯವೇನಲ್ಲ. ಆ ವರ್ಗದ ಜನರಲ್ಲೆಲ್ಲ ನಡೆಯುತ್ತಿದ್ದ ರೂಢಿ. ಹವೆ ಮಕ್ಕಳಿಗೆ ಆಗದು, ಜ್ವರ ಬೇಧಿಗೆ ಎಷ್ಟೋ ಎಳೆಯವು ತೀರಿಹೋಗುತ್ತವೆ, ಓದಿಗೆ ಶಾಲೆಯಿಲ್ಲ. ಕಾರಣಗಳು ಎಲ್ಲವೂ ನಿಜ. 1853ರಲ್ಲಿ ಮಿಷನ್ ಇದನ್ನು ನಿಯಮವನ್ನೇ ಮಾಡಿ, ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಕಳಿಸಲೇಬೇಕೆಂದು ಗೊತ್ತುಪಡಿಸಿ, ಬಾಸೆಲಿನಲ್ಲಿ ಮಕ್ಕಳ ಮನೆಯೊಂದನ್ನು ತೆರೆಯಿತು.

ಮರಿ ಮತ್ತೆ ತಂದೆ ತಾಯಿಯರನ್ನು ಸೇರಿದ್ದು 1857ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ. ನಡುವಿನ ಹತ್ತು ವರ್ಷಕ್ಕೂ ಮೇಲ್ಪಟ್ಟ ಕಾಲ ಅವಳಿಗೆ ಅಪ್ಪ ಎಂದರೆ ಒಂದು ಕೈಬರಹ, ಅಮ್ಮ ಎಂದರೆ ಇನ್ನೊಂದು ಕೈಬರಹ. ಮಗು ಹಲ್ಲು ಬಿದ್ದಿತೆಂದು ಬರೆಸಿದರೆ ಆ ಕಾಗದ ತಲಚೇರಿ ಮುಟ್ಟುವಷ್ಟರಲ್ಲಿ ಹೊಸ ಹಲ್ಲು ಬಂದಿರುತ್ತಿತ್ತು. ದಾರಿಯನ್ನು ಸ್ವಲ್ಪ ಯೋಚಿಸಿ. ಮಾರ್ಸೇಲ್ಸಿನಿಂದ ಅಲೆಕ್ಸಾಂಡ್ರಿಯಕ್ಕೆ ಹಡಗು, ಅಲ್ಲಿಂದ ಕಾಲುವೆ ಮತ್ತು ನೈಲ್ ನದಿಯ ದೋಣಿಯಲ್ಲಿ ಕೈರೋ, ಕೈರೋದಿಂದ ಸುಯೇಜಿಗೆ ಮರುಭೂಮಿಯಲ್ಲಿ ಒಂಟೆಯ ಬೆನ್ನ ಮೇಲೆ ಅಂಚೆ ಚೀಲ, ಸುಯೇಜಿನಿಂದ ಕೆಂಪು ಸಮುದ್ರ ಇಳಿದು ಏಡನ್, ಏಡನ್ನಿನಿಂದ ಮುಂಬಯಿ, ಅಲ್ಲಿಂದ ಕರಾವಳಿ. ಕೈರೋ–ಸುಯೇಜ್ ರೈಲು ಬಂದದ್ದು 1858ರಲ್ಲಿ. ಕಾಲುವೆ ತೆರೆದದ್ದು 1869ರ ನವೆಂಬರಿನಲ್ಲಿ. ಎಲ್ಲ ಸರಿಹೋದರೂ ಒಂದು ಪ್ರಶ್ನೆಗೆ ಉತ್ತರ ಬರಲು ಸುಮಾರು ಮೂರು ತಿಂಗಳು ಬೇಕಾಗುತ್ತಿತ್ತು. ಜಿದ್ದಾದ ನಮ್ಮ ಸದಸ್ಯರು ಸಂಜೆ ಕಾರ್ನಿಶಿನಲ್ಲಿ ಕುಳಿತು ನೋಡುವ ಅದೇ ಕಡಲಿನ ಮೇಲೆ ಈ ತಾಯಿ ಮಕ್ಕಳ ಸುದ್ದಿಯ ಚೀಲಗಳು ಹಾದುಹೋದವು. ದಾರಿಯಲ್ಲಿ ಪ್ಲೇಗು ಕಾಲರಾಗಳ ಭಯಕ್ಕೆ ಕಾಗದಗಳನ್ನು ಸೀಳಿ, ವಿನಿಗರಿನಲ್ಲಿ ಅದ್ದಿಯೋ ಹೊಗೆ ಹಾಕಿಯೋ ಮುಂದೆ ಕಳಿಸುವ ಕ್ರಮವೂ ಆ ಕಾಲದಲ್ಲಿ ಉಂಟಿತ್ತು. ತೂಕಕ್ಕೆ ತಕ್ಕ ಅಂಚೆ ಖರ್ಚಾದ್ದರಿಂದ ಎಷ್ಟೋ ಜನ ಒಂದು ಹಾಳೆ ತುಂಬಿದ ಮೇಲೆ ಅದನ್ನೇ ಅಡ್ಡ ತಿರುಗಿಸಿ ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ನೋಡಿದರೆ ಚಾಪೆ ಹೆಣೆದಂತೆ ಕಾಣುತ್ತದೆ.

ಶಾಯಿಯ ಮಾತು ಇಲ್ಲಿಯೇ ಹೇಳಿಬಿಡುತ್ತೇವೆ. ಆ ಕಾಲದ ಕಪ್ಪು ಶಾಯಿ ಮಾಡಲು ಬೇಕಾದದ್ದು ಮೂರು ಪದಾರ್ಥ: ಮಾಚಿಕಾಯಿ, ಅನ್ನಭೇದಿ, ಅರಬ್ಬಿ ಗೋಂದು. ಮಾಚಿಕಾಯಿ ನಿಮಗೆಲ್ಲ ಗೊತ್ತಿರತಕ್ಕದ್ದೇ. ಎಳೆಮಗುವಿಗೆ ಬಜೆ, ಜಾಯಿಕಾಯಿ, ಅಳಲೆಕಾಯಿ ಜೊತೆಗೆ ಕಲ್ಲಿನ ಮೇಲೆ ತೇಯ್ದು ನೆಕ್ಕಿಸುವ ಆ ಒಗರು ಕಾಯಿ. ಒಂದು ಜಾತಿಯ ಹುಳು ಓಕ್ ಮರಕ್ಕೆ ಮೊಟ್ಟೆಯಿಟ್ಟಾಗ ಮರದಲ್ಲಿ ಏಳುವ ಗಂಟು ಅದು. ಅದರ ಒಗರೇ ಟ್ಯಾನಿನ್. ಅನ್ನಭೇದಿಯೆಂದರೆ ಕಬ್ಬಿಣದ ಸಲ್ಫೇಟು. ಎರಡನ್ನೂ ನೀರಿನಲ್ಲಿ ಕೂಡಿಸಿದರೆ ಮೊದಲು ಬಣ್ಣ ತೆಳುವಾಗಿರುತ್ತದೆ. ಹಾಳೆಯ ಮೇಲೆ ಬರೆದ ಮೇಲೆ ಗಾಳಿಯ ಆಮ್ಲಜನಕ ತಾಗಿ ಕಬ್ಬಿಣ ಇನ್ನೊಂದು ಸ್ಥಿತಿಗೆ ತಿರುಗಿ ಗಾಢ ಕಪ್ಪಾಗುತ್ತದೆ. ಅಂದರೆ ಕಾಗದ ಬರೆದವರ ಕಣ್ಣೆದುರೇ ಅಕ್ಷರ ನಿಧಾನವಾಗಿ ಮೂಡುತ್ತದೆ. ಗೋಂದು ಅಕ್ಷರವನ್ನು ಹರಡದಂತೆ ಹಿಡಿಯುತ್ತದೆ. ಹೆಸರು ಅರಬ್ಬಿಯದಾದರೂ ಗೋಂದು ಹೆಚ್ಚಾಗಿ ಸೂಡಾನಿನ ಕಡೆಯ ಜಾಲಿ ಮರಗಳದು. ವ್ಯಾಪಾರ ಅರಬರ ಕೈಯಲ್ಲಿತ್ತಾದ್ದರಿಂದ ಹೆಸರು ಅವರದಾಯಿತು.

ಈ ಶಾಯಿಗೆ ಒಂದು ದುರ್ಗುಣವೂ ಉಂಟು. ಕಪ್ಪಾಗುವ ಕ್ರಿಯೆಯಲ್ಲೇ ಗಂಧಕಾಮ್ಲ ಹುಟ್ಟುತ್ತದೆ. ಆ ಆಮ್ಲ ಹಾಳೆಯ ನಾರನ್ನು ತುಂಡರಿಸುತ್ತದೆ. ಉಳಿದ ಕಬ್ಬಿಣ ನಾರು ಗಾಳಿಯಲ್ಲಿ ಬೇಗ ಸವೆಯಲು ಕುಮ್ಮಕ್ಕು ಕೊಡುತ್ತದೆ. ನೂರು ವರ್ಷ ಕಳೆಯುವಷ್ಟರಲ್ಲಿ ಕಪ್ಪು ಕಂದಾಗಿ, ಒತ್ತಿ ಬರೆದ ಕಡೆ ಅಕ್ಷರದ ಆಕಾರಕ್ಕೇ ಹಾಳೆ ಸೀಳಿ ಉದುರುತ್ತದೆ. ಮೆಲ್ಲಗೆ ಬರೆದದ್ದು ಉಳಿಯುತ್ತದೆ, ಒತ್ತಿ ಬರೆದದ್ದು ಹೋಗುತ್ತದೆ. ಯೂರೋಪಿನ ಗ್ರಂಥಾಲಯಗಳು ಈಗ ಇಂಥ ಹಾಳೆಗಳನ್ನು ಕ್ಯಾಲ್ಸಿಯಂ ಫೈಟೇಟಿನ ದ್ರಾವಣದಲ್ಲಿ ಅದ್ದಿ ಪುಂಡ ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಫೈಟಿಕ್ ಆಮ್ಲ ನಮ್ಮ ಅಕ್ಕಿಯ ತೌಡಿನಲ್ಲೇ ಇರುವ ವಸ್ತು. ರಜೆ ಮುಗಿಯಿತು, ಮತ್ತೆ ಕುಟುಂಬಕ್ಕೆ ಬರೋಣ.

1857ರಲ್ಲಿ ಮರಿ ಭಾರತಕ್ಕೆ ಹೊರಟ ಹಡಗಿನಲ್ಲಿ ಜಾನ್ ಬಾರ್ನ್ಸ್ ಎಂಬ ಇಂಗ್ಲಿಷ್ ತರುಣನಿದ್ದ. ಇಬ್ಬರಿಗೂ ಮನಸ್ಸಾಯಿತು. ಊರು ಮುಟ್ಟಿದ ಮೇಲೆ ಆತ ಮದುವೆಯ ಪ್ರಸ್ತಾಪ ಮಾಡಿ ಬರೆದ ಕಾಗದ ತಂದೆಯ ಕೈಗೆ ಹೋಯಿತು. ಮಗಳ ಕೈಗೆ ಬರಲಿಲ್ಲ. ತಂದೆಯೇ ಬೇಡವೆಂದುಬಿಟ್ಟರು. ಮರಿಯೋ ಉತ್ತರಕ್ಕಾಗಿ ಕಾದೇ ಕಾದಳು. ಹತ್ತು ವರ್ಷ ಅಂಚೆಯನ್ನೇ ನಂಬಿ ಬೆಳೆದ ಹುಡುಗಿಗೆ ಅಂಚೆಯೇ ಹೀಗೆ ಮಾಡಿತಲ್ಲ ಎಂದು ನಮಗೆ ಓದುವಾಗ ಸಂಕಟವಾಯಿತು. ಗುಂಡರ್ಟರು ವಿದ್ವಾಂಸರು, ಮಕ್ಕಳನ್ನು ಪ್ರೀತಿಸಿದವರು, ಅದರಲ್ಲಿ ಅನುಮಾನವಿಲ್ಲ. ಆದರೆ ಹತ್ತು ವರ್ಷ ದೂರವಿದ್ದ ತಂದೆ, ಮಗಳು ಬಂದ ಕೂಡಲೆ ಹಕ್ಕು ಚಲಾಯಿಸಿದ ರೀತಿ ನಮಗೆ ಹಿಡಿಸಲಿಲ್ಲ. ದೂರವಿದ್ದು ದುಡಿದವರಿಗೆ ಈ ಚಾಳಿ ಇರುತ್ತದೆ: ವರ್ಷಗಟ್ಟಲೆ ನೋಡದಿದ್ದ ಮಗ ಮಗಳ ವಿಷಯದಲ್ಲಿ ಎರಡು ವಾರದ ರಜೆಯೊಳಗೆ ಎಲ್ಲ ತೀರ್ಮಾನಗಳನ್ನೂ ಮಾಡಿ ಮುಗಿಸಬೇಕೆಂಬ ಆತುರ.

ಅದೇ 1857ರಲ್ಲಿ ಗುಂಡರ್ಟರನ್ನು ಸರ್ಕಾರ ಮಲಬಾರು ಮತ್ತು ಕೆನರಾ ಜಿಲ್ಲೆಗಳ ಶಾಲಾ ಇನ್‌ಸ್ಪೆಕ್ಟರರನ್ನಾಗಿ ನೇಮಿಸಿತ್ತು. ಆ ಓಡಾಟ ಬಹಳ ದಿನ ನಡೆಯಲಿಲ್ಲ. ಆರೋಗ್ಯ ಕೆಟ್ಟು 1859ರಲ್ಲಿ ಯೂರೋಪಿಗೆ ಹೋದವರು ಮತ್ತೆ ಬರಲಿಲ್ಲ. ಕಾಲ್ವ್ ಎಂಬ ಚಿಕ್ಕ ಊರಿನಲ್ಲಿ ಪ್ರಕಾಶನ ಸಂಸ್ಥೆಯೊಂದನ್ನು ನಡೆಸುತ್ತ, ನಿಘಂಟು ಮುಗಿಸುತ್ತ ಉಳಿದರು. ಮರಿ 1865ರಲ್ಲಿ ಚಾರ್ಲ್ಸ್ ಇಸೆನ್‌ಬರ್ಗ್ ಎಂಬವರನ್ನು ಮದುವೆಯಾಗಿ ಸಿಂಧ್ ಪ್ರಾಂತದ ಹೈದರಾಬಾದಿಗೆ ಹೋದಳು. ಕಾಯಿಲೆ ಅಲ್ಲಿಯೂ ಬಿಡಲಿಲ್ಲ. 1870ರಲ್ಲಿ ಗಂಡ ತೀರಿಕೊಂಡಾಗ ಅವಳಿಗೆ ಇಪ್ಪತ್ತೇಳು ವಯಸ್ಸು, ಕಂಕುಳಲ್ಲಿ ಎರಡು ಗಂಡುಮಕ್ಕಳು. ಕಾಲ್ವಿಗೆ ತಂದೆಯ ಮನೆಗೇ ಬಂದಳು. ಅಲ್ಲಿಗೆ ತಂದೆಯ ಸಹಾಯಕರಾಗಿ ಬಂದವರು ಯೋಹಾನ್ನೆಸ್ ಹೆಸ್ಸೆ. ಇವರು ಹುಟ್ಟಿದ್ದು ಆಗ ರಷ್ಯದ ಆಳ್ವಿಕೆಯಲ್ಲಿದ್ದ ಎಸ್ಟೋನಿಯದಲ್ಲಿ. 1869ರಿಂದ 1873ರವರೆಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಕೆಲಸ ಮಾಡಿ, ಹೊಟ್ಟೆ ಕೆಟ್ಟು ಹಿಂದಿರುಗಿದವರು. 1874ರ ನವೆಂಬರಿನಲ್ಲಿ ಇಬ್ಬರಿಗೂ ಮದುವೆಯಾಯಿತು. 1877ರ ಜುಲೈ 2ರಂದು ಹುಟ್ಟಿದ ಅವರ ಮಗನೇ ಹರ್ಮನ್ ಹೆಸ್ಸೆ, 'ಸಿದ್ಧಾರ್ಥ' ಬರೆದವರು, 1946ರಲ್ಲಿ ನೊಬೆಲ್ ಪಡೆದವರು.

ಆ ಒಂದು ಮನೆಯ ಪಾಸ್‌ಪೋರ್ಟ್ ಲೆಕ್ಕ ಕೇಳಿ. ತಾಯಿ ತಲಚೇರಿಯಲ್ಲಿ ಹುಟ್ಟಿದವಳು. ತಂದೆ ರಷ್ಯದ ಪ್ರಜೆ. ದೊಡ್ಡ ಹುಡುಗರಿಬ್ಬರು ಸಿಂಧ್ ಸಂಸಾರದವರು. 1881ರಲ್ಲಿ ಬಾಸೆಲಿಗೆ ಹೋದರು, 1883ರಲ್ಲಿ ಸ್ವಿಸ್ ಪ್ರಜೆಗಳಾದರು, 1886ರಲ್ಲಿ ಕಾಲ್ವಿಗೆ ಮರಳಿದರು. ಆಮೇಲೆ ಹುಡುಗ ಪರೀಕ್ಷೆಗೆ ಕೂರಬೇಕೆಂದು ಅವನೊಬ್ಬನನ್ನು ವುರ್ಟೆಂಬರ್ಗಿನ ಪ್ರಜೆಯನ್ನಾಗಿ ಮಾಡಿಸಿದರು. ಮಗುವಿನ ಓದಿಗಾಗಿ ಕಾಗದಪತ್ರ ಬದಲಿಸಿಕೊಂಡು ಓಡಾಡುವುದು ಇಕಾಮಾ ಕಾಲದ ಸಂಶೋಧನೆಯೇನೂ ಅಲ್ಲ.

ಆ ಪರೀಕ್ಷೆ ಪಾಸು ಮಾಡಿ ಮೌಲ್‌ಬ್ರೋನ್ ಶಾಲೆಗೆ ಸೇರಿದ ಹುಡುಗ 1892ರ ಮಾರ್ಚಿನಲ್ಲಿ ಅಲ್ಲಿಂದ ಓಡಿಹೋದ. ಹುಡುಕಿ ತಂದರು. ಆಮೇಲಿನ ತಿಂಗಳುಗಳಲ್ಲಿ ಅವನನ್ನು ಅಲ್ಲಿ ಇಲ್ಲಿ ಚಿಕಿತ್ಸೆಗೆಂದು ಇಟ್ಟಾಗ ಮನೆಗೂ ಅವನಿಗೂ ನಡೆದ ಕಾಗದ ವ್ಯವಹಾರವನ್ನು ಓದುವುದು ಕಷ್ಟದ ಕೆಲಸ. ಹದಿನೈದರ ಹುಡುಗ ಸ್ವಂತ ತಂದೆಗೆ ಆಫೀಸಿನ ಅಪರಿಚಿತನಿಗೆ ಬರೆಯುವಂತೆ ಸಂಬೋಧಿಸಿ ಬರೆದ. ತಾಯಿ ಪ್ರಾರ್ಥನೆ ಬರೆದಳು, ತಂದೆ ಬುದ್ಧಿ ಬರೆದರು. ಮುದುಕ ಗುಂಡರ್ಟರು ಮಾತ್ರ ಬೇರೆ ರೀತಿ ಮಾಡಿದರು. ಅಪರಾಧಿಯಂತೆ ಎದುರು ಬಂದು ನಿಂತ ಮೊಮ್ಮಗನನ್ನು ನೋಡಿ ನಕ್ಕು, ಪ್ರತಿಭಾವಂತರು ಹೊರಡುವಂಥ ಸಣ್ಣದೊಂದು ಪ್ರವಾಸ ಮಾಡಿಬಂದೆಯಂತೆ ಎಂದು ತಮಾಷೆ ಮಾಡಿ ಬಿಟ್ಟುಬಿಟ್ಟರು. ಮಗಳ ಕಾಗದವನ್ನು ತಡೆದ ಅದೇ ಮನುಷ್ಯ. ಮೂವತ್ತೈದು ವರ್ಷದಲ್ಲಿ ಎಷ್ಟು ದೂರ ನಡೆದು ಬಂದರು ನೋಡಿ! ಇಂಥದ್ದು ತಿಳಿಯಬೇಕಾದರೆ ಮೂರು ತಲೆಮಾರಿನ ಕಾಗದ ಒಂದೇ ಕಡೆ ಇರಬೇಕು. ಯಾವ ಒಬ್ಬರ ಆತ್ಮಕತೆಯಲ್ಲೂ ಇದು ಸಿಗಲಾರದು.

ಕಾಗದಗಳು ಉಳಿದದ್ದು ಹೆಂಗಸರಿಂದ. ಮರಿ 1902ರಲ್ಲಿ ತೀರಿಕೊಂಡಳು. ಅವಳ ಕಾಗದ, ದಿನಚರಿಗಳನ್ನು ಹಿರಿಯ ಮಗಳು ಆಡೆಲೆ ಆಯ್ದು ಜೋಡಿಸಿ 1934ರಲ್ಲಿ ಪುಸ್ತಕ ಮಾಡಿದಳು. ಹೆಸ್ಸೆಯವರ ಹುಡುಗತನದ ಕಾಗದಗಳನ್ನು ಅವರ ಹೆಂಡತಿ ನೀನೋನ್ ಸಂಪಾದಿಸಿ ಮೊದಲ ಸಂಪುಟ 1966ರಲ್ಲಿ ಬಂತು. ಆಯ್ಕೆ ಮಾಡಿದವಳು ಮಗಳಾದ್ದರಿಂದ ಬಿಟ್ಟದ್ದೂ ಮಗಳ ಮನಸ್ಸಿನಂತೆಯೇ ಇರುತ್ತದೆಂಬುದನ್ನು ಓದುಗರು ನೆನಪಿಡಬೇಕು. ಗುಂಡರ್ಟರ ಮಲಬಾರಿನ ದಿನಚರಿ 1983ರಲ್ಲಿ, ಕಾಲ್ವಿನ ದಿನಚರಿ 1986ರಲ್ಲಿ ಆಲ್ಬ್ರೆಕ್ಟ್ ಫ್ರೆಂಜ್ ಎಂಬವರ ದುಡಿಮೆಯಿಂದ ಅಚ್ಚಾದವು. ಅವರು ಕೇರಳದಿಂದ ಕೊಂಡೊಯ್ದ ಓಲೆ, ಹಸ್ತಪ್ರತಿಗಳು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿದ್ದವು. 2018ರಿಂದ ಅವನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಓದಬಹುದು. ಮಲೆಯಾಳದ್ದೇ ಹೆಚ್ಚು, ಆದರೆ ಕನ್ನಡದ ಪುಸ್ತಕಗಳೂ ಅಲ್ಲಿವೆ.

ಹೆಸ್ಸೆ ಸ್ವತಃ 1911ರಲ್ಲಿ ತಾಯಿಯ ನಾಡು ನೋಡಬೇಕೆಂದು ಹಡಗು ಹತ್ತಿ, ಕೆಂಪು ಸಮುದ್ರ ದಾಟಿ, ಸಿಂಹಳ, ಸಿಂಗಪುರ, ಸುಮಾತ್ರ ಸುತ್ತಿ, ಸುಸ್ತಾಗಿ ಹಿಂದಿರುಗಿದರು. ಮಲಬಾರಿಗೆ ಬರಲೇ ಇಲ್ಲ. ಅಮ್ಮನ ಮಾತಿನಲ್ಲಿ ಕೇಳಿದ ಊರನ್ನು ಅವರು ಮನೆಯ ಪೆಟ್ಟಿಗೆಯಲ್ಲಿ ಮಾತ್ರ ಕಂಡರು.

ನಾವಿರುವ ಈ ನಾಡಿನದೂ ಒಂದು ಉದಾಹರಣೆ ಉಂಟು, ಚಿಕ್ಕದಾಗಿ ಹೇಳುತ್ತೇವೆ. ಕವಿ ಬೈರನ್ನನ ಮೊಮ್ಮಗಳು ಲೇಡಿ ಆನ್ ಬ್ಲಂಟ್, ಗಂಡ ವಿಲ್‌ಫ್ರಿಡ್‌ನೊಡನೆ ಮರುಭೂಮಿ ದಾಟಿ 1879ರ ಜನವರಿಯಲ್ಲಿ ಹಾಯಿಲ್ ನಗರ ಸೇರಿದಳು. ದಿನವೂ ದಿನಚರಿ ಬರೆದಳು, ಚಿತ್ರ ಬಿಡಿಸಿದಳು, ಕುದುರೆಗಳ ವಂಶಾವಳಿ ಗುರುತು ಹಾಕಿಕೊಂಡಳು; 1881ರಲ್ಲಿ ಅದು ಪುಸ್ತಕವಾಯಿತು. ನಮ್ಮಲ್ಲಿ ಹಾಯಿಲ್ ಕಡೆ ಕೆಲಸಕ್ಕೆ ಹೋದವರು ಅಲ್ಲಿಯ ಚಳಿಯ ಬಗೆಗೆ ಹೇಳುವುದನ್ನು ಕೇಳಿದ್ದೇವೆ. ಆನಳ ಮಗಳು ಜೂಡಿತ್‌ಗೆ ಆಗ ಆರು ವರ್ಷವೂ ಸರಿಯಾಗಿ ತುಂಬಿರಲಿಲ್ಲ. ಅವಳು ಇಂಗ್ಲೆಂಡಿನಲ್ಲಿ ಉಳಿದಿದ್ದಳು.

ಇದನ್ನೆಲ್ಲ ಈಗ ಏಕೆ ಬರೆದಿರಿ ಎಂದರೆ, ಸಂಘದ ಕಳೆದ ಕೂಟದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಹಿರಿಯ ಸದಸ್ಯೆಯೊಬ್ಬರು ನಮ್ಮನ್ನು ತಡೆದು, "ಡಾಕ್ಟ್ರೇ, ನಿಮ್ಮದು ಮದ್ದಿನ ಡಾಕ್ಟರಿಕೆ ಅಲ್ಲ, ಅದು ನನಗೆ ಗೊತ್ತುಂಟು. ಆದರೂ ಒಂದು ಕೇಳ್ತೇನೆ. ಇವರು ನನಗೆ ಬರೆದ ಕಾಗದ ಒಂದು ಸೂಟ್‌ಕೇಸ್ ತುಂಬ ಉಂಟು. ಎಲ್ಲ ಹಳದಿಯಾಗಿ ಒಡೆಯಲಿಕ್ಕೆ ಶುರುವಾಗಿದೆ. ಮಕ್ಕಳು ಎಸೆಯಿರಿ ಅಮ್ಮಾ ಅಂತಾರೆ. ಏನು ಮಾಡ್ಲಿ?" ಎಂದರು. ಆ ಯಜಮಾನರು ಇಲ್ಲಿಗೆ ಬಂದದ್ದು 1978ರಲ್ಲಿ. ಮೊದಲ ಒಂಬತ್ತು ವರ್ಷ ಒಂಟಿ. ಕಂಪನಿಯ ಪೋಸ್ಟ್‌ಬಾಕ್ಸಿಗೆ ಕಾಗದ ಬರುತ್ತಿತ್ತು; ಊರಿಗೆ ಹೋಗುವವರ ಪೆಟ್ಟಿಗೆಯಲ್ಲಿ ಉತ್ತರ ಹೋಗುತ್ತಿತ್ತು. ಫೋನಿಗೆ ಸಾಲು ನಿಂತು ಮೂರು ನಿಮಿಷ ಮಾತಾಡಿದರೆ ಅರ್ಧ ಸಮಯ ಹಲೋ ಹಲೋದಲ್ಲೇ ಮುಗಿಯುತ್ತಿತ್ತಂತೆ. ದೊಡ್ಡ ಮಗಳು ಹುಟ್ಟಿದ ಸುದ್ದಿ ಅವರಿಗೆ ತಿಳಿದದ್ದು ಹತ್ತೊಂಬತ್ತನೆಯ ದಿನ.

ಅದು ಹಳೆಯ ಕಾಲ, ಈಗೇನು ಎನ್ನುವಂತಿಲ್ಲ. 2017ರ ಜುಲೈಯಲ್ಲಿ ಕುಟುಂಬದ ತಲೆಯೊಂದಕ್ಕೆ ತಿಂಗಳಿಗೆ ನೂರು ರಿಯಾಲಿನ ಶುಲ್ಕ ಬಂದು, ವರ್ಷವರ್ಷ ಏರಿ 2020ಕ್ಕೆ ನಾನ್ನೂರು ಮುಟ್ಟಿದಾಗ ನಮ್ಮ ಸಂಘದಲ್ಲೇ ಎಷ್ಟು ಮನೆಗಳು ಎರಡಾದವೆಂಬುದು ನಿಮಗೆ ತಿಳಿದಿದೆ. ಹೆಂಡತಿ ಮಕ್ಕಳು ಉಡುಪಿಗೋ ಹುಬ್ಬಳ್ಳಿಗೋ ಹೋದರು. ಯಜಮಾನರು ಮತ್ತೆ ಬ್ಯಾಚುಲರ್ ರೂಮು ಹಿಡಿದರು. ಹನ್ನೆರಡನೆಯ ತರಗತಿ ಮುಗಿದ ಕೂಡಲೆ ಕಾಲೇಜಿಗೆಂದು ಊರಿಗೆ ಹೋಗುವ ಮಕ್ಕಳದಂತೂ ಎಂದಿನ ಕತೆ. ದಿನವೂ ಮುಖ ನೋಡಿ ಮಾತಾಡುತ್ತೇವಲ್ಲ ಎನ್ನುತ್ತೀರಿ. ನಿಜ, ಜೂಲಿ ಗುಂಡರ್ಟಳಿಗೆ ಆ ಭಾಗ್ಯವಿರಲಿಲ್ಲ. ಆದರೆ ಆ ಸದಸ್ಯೆ ಇನ್ನೊಂದು ಮಾತು ಹೇಳಿದರು: "ಫೋನಿನಲ್ಲಿ ದಿನಾ ಊಟ ಆಯ್ತಾ, ಮಳೆ ಉಂಟಾ ಅಂತ ಕೇಳ್ತೇವೆ. ಕಾಗದದಲ್ಲಿ ಇವರು ಅತ್ತದ್ದನ್ನೂ ಬರೀತಿದ್ರು." ಮೊಬೈಲು ಬದಲಿಸಿದಾಗ, ನಂಬರು ಬದಲಿಸಿದಾಗ, ಐದು ವರ್ಷದ ಮಾತುಕತೆ ಒಂದು ಬೆರಳಿನ ತಪ್ಪಿಗೆ ಅಳಿಸಿಹೋದ ಮನೆಗಳು ನಮ್ಮಲ್ಲಿ ಒಂದೆರಡಲ್ಲ.

ನಡುವಿನ ಕಾಲದ ಕ್ಯಾಸೆಟ್ಟುಗಳನ್ನು ಮರೆಯಬಾರದು. ಕಾಗದ ಬರೆಯಲು ಬಾರದ ಅಜ್ಜ ಅಜ್ಜಿಯರ ಮಾತು, ಮಗುವಿನ ಅಳು, ಹಿತ್ತಲ ಕೋಳಿಯ ಕೂಗು ಸಮೇತ ಅವು ಇಲ್ಲಿಗೆ ಬರುತ್ತಿದ್ದವು. ಆ ಟೇಪಿನ ಮೇಲಿರುವುದೂ ಕಬ್ಬಿಣವೇ, ಕಬ್ಬಿಣದ ಆಕ್ಸೈಡು. ಗುಂಡರ್ಟರ ಶಾಯಿಯಲ್ಲಿದ್ದ ಲೋಹವೇ ನಮ್ಮವರ ದನಿಯನ್ನೂ ಹಿಡಿದಿಟ್ಟಿತು. ಪುಡಿಯನ್ನು ಪ್ಲಾಸ್ಟಿಕ್ ಪಟ್ಟಿಗೆ ಅಂಟಿಸಿರುವ ಅಂಟು ವರ್ಷಗಳು ಕಳೆದಂತೆ ತೇವ ಹೀರಿ ಸಡಿಲವಾಗುತ್ತದೆ. ಪೂರ್ವ ಪ್ರಾಂತದ ಆಗಸ್ಟ್ ತಿಂಗಳ ಸೆಕೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಇಟ್ಟುಕೊಂಡಿರುವವರು ಈ ವರ್ಷವೇ ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಇನ್ನು ಆ ಸದಸ್ಯೆಗೆ ನಾವು ಹೇಳಿದ್ದು, ಬೇರೆಯವರಿಗೂ ಬೇಕಾದೀತೆಂದು ಬರೆಯುತ್ತೇವೆ. ಕಾಗದ ಹಳದಿಯಾಗುವುದು ಮರದ ತಿರುಳಿನ ಅಗ್ಗದ ಹಾಳೆಯೊಳಗಿನ ಲಿಗ್ನಿನ್‌ನಿಂದ, ಒಡೆಯುವುದು ಆಮ್ಲದಿಂದ. ಲ್ಯಾಮಿನೇಟ್ ಮಾಡಿಸಬೇಡಿ; ಶಾಖ ಮತ್ತು ಪ್ಲಾಸ್ಟಿಕ್ಕು ಎರಡೂ ಸೇರಿ ಅದನ್ನು ಬೇಗ ಕೊಲ್ಲುತ್ತವೆ, ಆಮೇಲೆ ಬಿಡಿಸಲೂ ಆಗದು. ಹರಿದ ಕಡೆ ಸೆಲ್ಲೋಟೇಪು ಬೇಡ, ಅದರ ಅಂಟು ಕಂದು ಕಲೆಯಾಗಿ ಅಕ್ಷರವನ್ನೇ ನುಂಗುತ್ತದೆ. ಮಡಿಕೆ ಬಿಡಿಸಿ ಚಪ್ಪಟೆ ಇಡಿ, ಏಕೆಂದರೆ ಮಡಿಕೆಯಲ್ಲೇ ಮೊದಲು ಒಡೆಯುವುದು. ಸ್ಟೇಪ್ಲರ್ ಪಿನ್ನು, ರಬ್ಬರ್ ಬ್ಯಾಂಡು ತೆಗೆದುಹಾಕಿ. ಬಾಲ್‌ಪೆನ್ನಿನ ಬಣ್ಣ ಬೆಳಕಿಗೆ ಮಾಸುತ್ತದಾದ್ದರಿಂದ ಚೌಕಟ್ಟು ಹಾಕಿ ಗೋಡೆಗೆ ತೂಗಬೇಡಿ. ತೊಂಬತ್ತರ ದಶಕದ ಫ್ಯಾಕ್ಸ್ ಹಾಳೆಗಳಿದ್ದರೆ ಇವತ್ತೇ ಪಟ ತೆಗೆಯಿರಿ, ಅವು ಇನ್ನು ಕಾಯುವುದಿಲ್ಲ. ಬಚ್ಚಲಿನ ಗೋಡೆಗೆ ತಾಗಿದ ಬೀರು ಬೇಡ, ಏಸಿಯ ಬಾಯಿಯೂ ಬೇಡ; ಮಲಗುವ ಕೋಣೆಯ ಬೀರುವಿನ ನಡುವಣ ತಟ್ಟೆ ಒಳ್ಳೆಯದು. ಎಲ್ಲಕ್ಕಿಂತ ಮೊದಲು, ಹಾಳೆಯ ಹಿಂದೆ ಮೂಲೆಯಲ್ಲಿ ಸೀಸದ ಕಡ್ಡಿಯಿಂದ ಮೆಲ್ಲಗೆ ಬರೆಯಿರಿ: ಯಾರು ಬರೆದದ್ದು, ಯಾರಿಗೆ, ಯಾವ ವರ್ಷ, ಒಳಗೆ 'ಪುಟ್ಟಿ', 'ಅಣ್ಣಯ್ಯ', 'ದೊಡ್ಡಮ್ಮ' ಎಂದಿರುವುದು ಯಾರನ್ನು. ಆ 'ಪುಟ್ಟಿ' ಯಾರೆಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಸೀಸದ ಕಡ್ಡಿಯಲ್ಲಿರುವುದು ಗ್ರಾಫೈಟ್, ಬರೀ ಇಂಗಾಲ. ಅದಕ್ಕೆ ಆಮ್ಲವಿಲ್ಲ, ಬೆಳಕಿನ ಭಯವಿಲ್ಲ.

ಆ ಸೂಟ್‌ಕೇಸಿನ ಕಾಗದಗಳನ್ನು ವಿಂಗಡಿಸಲು ಎರಡು ಶುಕ್ರವಾರ ಮಧ್ಯಾಹ್ನ ಸಹಾಯಕ್ಕೆ ಬರುತ್ತೇವೆಂದು ಒಪ್ಪಿಕೊಂಡಿದ್ದೇವೆ. ಅವರ ಮಕ್ಕಳಿಬ್ಬರೂ ಒಂದು ಶರತ್ತಿನ ಮೇಲೆ ಬರಲು ಒಪ್ಪಿದ್ದಾರೆ: ಅಪ್ಪ ಅಮ್ಮನ ಮದುವೆಯಾದ ಹೊಸದರ ಕಾಗದಗಳನ್ನು ತಮಗೆ ಓದಲು ಕೊಡಬಾರದಂತೆ. ಆ ಕಟ್ಟನ್ನು ಅವರ ತಾಯಿ ಈಗಾಗಲೇ ಬೇರೆ ತೆಗೆದಿಟ್ಟಿದ್ದಾರೆ.

ಮುಂದಿನ ಸಂಚಿಕೆಯಲ್ಲಿ ಜುಬೈಲಿನ ಕಡಲ ನೀರು ನಿಮ್ಮ ನಲ್ಲಿಗೆ ಸಿಹಿಯಾಗಿ ಬರುವ ವಿಷಯ.